ಎರಡು ಗಂಟೆಯ ನಿದ್ದೆ

"ಶ್! ಈಗ ತಾನೇ ಮಲಗಿದ್ದಾಳೆ," ಎಂದು ಅವಳು ಬಾಗಿಲಲ್ಲೇ ಗಂಡನನ್ನು ತಡೆದಳು. ಬೇರೆಯಾದ ಮೇಲೆ ಮಗಳನ್ನು ನೋಡಲು ಕೋರ್ಟು ಅವನಿಗೆ ಕೊಟ್ಟಿದ್ದು ಭಾನುವಾರ ಎರಡರಿಂದ ನಾಲ್ಕರವರೆಗೆ ಮಾತ್ರ.

"ಹೋದ ವಾರಾನೂ ನೀನು ಇದನ್ನೇ ಹೇಳಿದ್ದೆ."

"ಮಗು ನಿಮ್ಮ ಗಡಿಯಾರ ನೋಡ್ಕೊಂಡು ಮಲಗುತ್ತಾ?"

ಹನ್ನೆರಡಕ್ಕೇ ತೂಕಡಿಸುವ ಮಗುವನ್ನು ಗಿಲಕಿ ಆಡಿಸಿ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ, ಅವಳು ಎರಡು ಭಾನುವಾರದಿಂದ ಎರಡು ಗಂಟೆಯವರೆಗೆ ಎಚ್ಚರವಾಗಿ ಇರಿಸುತ್ತಿದ್ದಳು. ಎಬ್ಬಿಸಲಿ, ಮಗು ಕಿರುಚಲಿ, ಇವನು ಇಂಗು ತಿಂದ ಮಂಗನಂತಾಗಲಿ ಎಂದು ಕಾದಳು.

ಒಳಗೆ ಬಂದು ತೊಟ್ಟಿಲಿಗೆ ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಂಡ.

"ಎಬ್ಬಿಸಲ್ಲ. ಅತ್ತು ಅತ್ತು ರೆಪ್ಪೆ ಊದಿಕೊಂಡಿದೆ. ನನ್ನ ಮೇಲಿನ ಸಿಟ್ಟಿಗೆ ಇವಳನ್ನ ಎಷ್ಟು ಹೊತ್ತು ಅಳಿಸಿದೆ?"

ತಕ್ಕ ಉತ್ತರ ಕೊಡಲು ಬಾಯಿ ತೆರೆದವಳು ಮಗುವಿನ ಮುಖ ನೋಡಿ, ತೊಟ್ಟಿಲಲ್ಲಿದ್ದ ಗಿಲಕಿಯನ್ನು ಸದ್ದಾಗದಂತೆ ತೆಗೆದು ಪಕ್ಕಕ್ಕಿಟ್ಟಳು.