ಬೇರೆಯವರ ನಂಬರು

ಬೈಕು ಮತ್ತೆ ಬಂತು.

ರಂಜಿತಾ ತಿರುಗಿ ನೋಡಲಿಲ್ಲ. ಹಿರಿಯೂರು ಬಿಟ್ಟು ಹದಿನಾಲ್ಕು ಕಿಲೋಮೀಟರು ಆಗಿತ್ತು. ಅಷ್ಟರಲ್ಲಿ ಮೂರನೇ ಸಲ ಅದೇ ಸದ್ದು. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಅವಳಿಗಿಂತ ಹತ್ತು ಮಾರು ಹಿಂದೆ, ಅದು ನಿಧಾನಕ್ಕೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಪಂಚಾಕ್ಷರಪ್ಪ, ಚಿತ್ರದುರ್ಗದವರೆಗಿನ ಮ್ಯಾರಥಾನ್ ಓಟದ ಮೇಲ್ವಿಚಾರಕರು. ತೊಡೆಯ ಮೇಲೆ ಹೆಸರುಗಳ ಪಟ್ಟಿ.

ತಪ್ಪು ಅವಳ ಎದೆಯ ಮೇಲೇ ಇತ್ತು. ನಾಲ್ಕು ಪಿನ್ನು ಚುಚ್ಚಿದ ಕಾಗದದಲ್ಲಿ ಏಳುನೂರ ಹನ್ನೆರಡು. ಸುಷ್ಮಿತಾ ಮೇಡಂ ಅವರ ನಂಬರು.

ಸುಷ್ಮಿತಾ ಹಿರಿಯೂರಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ರಂಜಿತಾ ಅಲ್ಲೇ ಆಯಾ. ದಿನಾ ಬೆಳಿಗ್ಗೆ ಮೇಡಂ ಓಡಲು ಹೊರಟರೆ ಜೊತೆಗೆ ಇವಳೂ. ಹರಿಯಬ್ಬೆಯ ಬಯಲಲ್ಲಿ ಕುರಿಗಳ ಹಿಂದೆ ಓಡಿ ಬೆಳೆದ ಕಾಲುಗಳು. ಮೇಡಂ ಏದುಸಿರು ಬಿಡುವಾಗ ಇವಳಿಗೆ ಬೆವರೂ ಒಡೆಯುತ್ತಿರಲಿಲ್ಲ. ಆದರೆ ಸ್ಪರ್ಧೆ ಎಂದರೆ ಕೈಮುಗಿದುಬಿಡುತ್ತಿದ್ದಳು. ಎರಡು ವರ್ಷದ ಹಿಂದೆ ಇದೇ ಓಟದಲ್ಲಿ, ಮೂವತ್ತೆಂಟನೇ ಕಿಲೋಮೀಟರಿನಲ್ಲಿ ಕುಸಿದು ಕುಳಿತವಳು ಅವಳು. ಗಂಡ ಮಂಜಣ್ಣ ಗಾಡಿ ತಂದು, ಹತ್ತಾರು ಜನ ನೋಡುತ್ತಿದ್ದಂತೆ ಮನೆಗೆ ಕರೆದೊಯ್ದಿದ್ದ. ನನ್ನ ಹೆಸರು ಇನ್ನು ಯಾವ ಪಟ್ಟಿಯಲ್ಲೂ ಬೇಡ ಎಂದು ಅಂದೇ ಹೇಳಿದ್ದಳು. ನೀನೇ ಓಡು ಎಂದು ಮೇಡಂ ಮೂರು ಸಲ ಕೇಳಿದರೂ ಅದೇ ಉತ್ತರ.

ನಾಲ್ಕನೇ ಸಲ ಅವರು ಕೇಳಿದ್ದೇ ಬೇರೆ. ತಮ್ಮ ಮೊಣಕಾಲು ಕೈಕೊಟ್ಟಿದೆ. ರಾಷ್ಟ್ರಮಟ್ಟದ ಓಟಕ್ಕೆ ಅರ್ಹತೆ ಸಿಗಬೇಕಾದರೆ ಮೂರು ಗಂಟೆ ಇಪ್ಪತ್ತು ನಿಮಿಷದೊಳಗೆ ಮುಗಿಸಬೇಕು. ತಮ್ಮ ನಂಬರು ಕಟ್ಟಿಕೊಂಡು ಅವಳೇ ಓಡಬೇಕು.

"ಯಾರೂ ಏನೂ ಕೇಳಲ್ಲ. ನೀನು ಸುಮ್ನೆ ಓಡು, ಬಾಯಿ ಬಿಡಬ್ಯಾಡ."

ಕೆಲಸ ಕೊಟ್ಟವರು. ಮಗಳನ್ನು ಶಾಲೆಗೆ ಸೇರಿಸಿಕೊಂಡವರು. ರಂಜಿತಾ ಹೂಂ ಎಂದಳು. ಶಾಲೆಯ ಕಡತಕ್ಕೆ ಬೇಕೆಂದು ಅವರು ಆಧಾರ್ ಜೆರಾಕ್ಸ್ ಕೇಳಿದರು. ಅದನ್ನೂ ಕೊಟ್ಟು ಬಂದಳು.

ಎಡವಟ್ಟಾಗಿದ್ದು ಬೆಳಿಗ್ಗೆ, ಸಾಲಿನಲ್ಲಿ ನಿಂತಾಗ. ಅಲ್ಲಿದ್ದ ಹಲಗೆಯಲ್ಲಿ ನಲವತ್ತು ದಾಟಿದ ಹೆಂಗಸರಿಗೆ ಮೂರು ಗಂಟೆ ಮೂವತ್ತೈದು ನಿಮಿಷ ಎಂದು ಬರೆದಿತ್ತು. ಮೇಡಂಗೆ ನಲವತ್ತೊಂದು. ಮೂರು ಗಂಟೆ ಇಪ್ಪತ್ತೇ ಬೇಕು ಅಂದರಲ್ಲ, ದೊಡ್ಡವರ ಆಸೆಯೂ ದೊಡ್ಡದು ಎಂದುಕೊಳ್ಳುತ್ತಿರುವಾಗಲೇ ಪಂಚಾಕ್ಷರಪ್ಪ ಪಕ್ಕಕ್ಕೆ ಬಂದು ಹೆಸರು ಕೇಳಿದರು. ಸುಷ್ಮಿತಾ ಎಂದಳು. ಅವರು ನಂಬರು ನೋಡಿದರು. ಪಟ್ಟಿ ನೋಡಿದರು. ಮತ್ತೆ ಅವಳ ಮುಖ ನೋಡಿದರು. ಅಷ್ಟರಲ್ಲಿ ಓಟ ಶುರುವಾಯಿತು.

ಮೂವತ್ತರ ಮುಖಕ್ಕೆ ನಲವತ್ತೊಂದು ಎಂದರೆ ಯಾರು ನಂಬುತ್ತಾರೆ?

ಐಮಂಗಲ ದಾಟಿದ ಮೇಲೆ ಬೈಕು ಅವಳ ಸಮಕ್ಕೆ ಬಂತು.

"ಅಮ್ಮಾ, ಹೆಸರೇನಂದ್ರಿ?"

"ಸುಷ್ಮಿತಾ."

"ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳ್ರಿ. ಈ ನಂಬರು ನಿಮ್ದೇನಾ?"

"ನಂದೇ ಸರ್."

ಅವರು ರೇಗಲಿಲ್ಲ. ಬೇರೆಯವರ ನಂಬರಿನಲ್ಲಿ ಓಡಿದರೆ ಆ ಓಟ ಲೆಕ್ಕಕ್ಕಿಲ್ಲ ಎಂದರು. ದಾರಿಯಲ್ಲಿ ಯಾರನ್ನೂ ಹಿಡಿದು ನಿಲ್ಲಿಸುವ ಅಧಿಕಾರ ತಮಗಿಲ್ಲ, ಚಿತ್ರದುರ್ಗದಲ್ಲಿ ಮಾತಾಡೋಣ ಎಂದು ಹಿಂದೆ ಸರಿದರು.

ನಿಂತರೆ ಮೇಡಂ ಅವರ ಸಮಯ ಹೋಯಿತು. ನಿಧಾನ ಮಾಡಿದರೂ ಹೋಯಿತು. ಓಡಿದರೆ, ಪ್ರತಿ ಹೆಜ್ಜೆಯೂ ಆ ಮನುಷ್ಯನ ಮೇಜಿನ ಹತ್ತಿರಕ್ಕೇ ಒಯ್ಯುತ್ತಿತ್ತು. ಎಡಕ್ಕೆ ತಂತಿ ಬೇಲಿ, ಬಲಕ್ಕೆ ಲಾರಿಗಳ ಸಾಲು, ಹಿಂದೆ ಬೈಕು. ರಂಜಿತಾ ಓಡಿದಳು.

ಮೂವತ್ತೆರಡರಲ್ಲಿ ಬಿಸಿಲು ಏರಿತು. ಮೂವತ್ತೈದರಲ್ಲಿ ತೊಡೆ ಕಲ್ಲಾಯಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ಕಂಡಾಗ ಹಿಂದೊಮ್ಮೆ ಕುಸಿದ ಜಾಗ ಹತ್ತಿರವಾಯಿತೆಂದು ತಿಳಿಯಿತು. ಆದರೆ ಕಾಲು ನಿಲ್ಲಲಿಲ್ಲ. ಮೂವತ್ತೆಂಟರ ಕಲ್ಲು ಪಕ್ಕದಲ್ಲಿ ಬಂತು, ಹಿಂದೆ ಹೋಯಿತು. ಅವಳಿಗೆ ಅಳು ಬಂತು. ತನ್ನ ಹೆಸರಿನಲ್ಲಿ ಆಗದ್ದು ಇನ್ನೊಬ್ಬರ ಹೆಸರಿನಲ್ಲಿ ಆಗುತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಮತ್ತಷ್ಟು ಬಿರುಸಾಗಿ ಓಡಿದಳು.

ಗೆರೆ ದಾಟಿದಾಗ ದೊಡ್ಡ ಗಡಿಯಾರದಲ್ಲಿ ಮೂರು ಗಂಟೆ ಹದಿನೆಂಟು ನಿಮಿಷ.

ಹಗ್ಗದ ಆಚೆ, ಜನರ ಮಧ್ಯೆ, ಸುಷ್ಮಿತಾ ಮೇಡಂ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು. ಕುಣಿದಾಡುತ್ತಿದ್ದ ಅವರ ಮೊಣಕಾಲಿಗೆ ಏನೂ ಆದಂತಿರಲಿಲ್ಲ. ಡೊಳ್ಳಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ತಮ್ಮ ಸಮಯಕ್ಕಾಗಿ ಅವರು ಖುಷಿಪಡುತ್ತಿದ್ದಾರೆ ಎಂದು ರಂಜಿತಾ ತಲೆ ತಗ್ಗಿಸಿ, ಪಂಚಾಕ್ಷರಪ್ಪನವರ ಹಿಂದೆ ಶಾಮಿಯಾನಕ್ಕೆ ನಡೆದಳು.

ಅವರು ಮೊದಲು ನೀರು ಕೊಟ್ಟರು. ಆಮೇಲೆ ಪುಸ್ತಕ ಬಿಡಿಸಿದರು. ಕೊನೇ ಸಲ ಕೇಳುತ್ತಿದ್ದೇನೆ, ನಿಜ ಹೇಳಿದರೆ ಇಬ್ಬರಿಗೂ ಒಳ್ಳೆಯದು ಎಂದರು.

ಮೂರು ಗಂಟೆ ಹಿಡಿದಿಟ್ಟಿದ್ದು ಅವಳಲ್ಲಿ ಒಡೆದುಹೋಯಿತು. ಮೇಡಂ ಹೆಸರು ಮಾತ್ರ ಕೆಡಬಾರದು. ತಪ್ಪು ತನ್ನೊಬ್ಬಳದೇ ಆಗಲಿ.

"ನಾನು ಸುಷ್ಮಿತಾ ಅಲ್ಲ ಸರ್. ಈ ನಂಬರೂ ನಂದಲ್ಲ. ಕದ್ದು ಹಾಕ್ಕಂಡು ಓಡಿದೀನಿ."

ಪಂಚಾಕ್ಷರಪ್ಪ ಅದನ್ನು ಹಾಗೇ ಬರೆದುಕೊಂಡರು. ಏಳುನೂರ ಹನ್ನೆರಡರ ಮುಂದಿದ್ದ ಸಮಯದ ಮೇಲೆ ಕೆಂಪು ಗೆರೆ ಎಳೆದರು. ಪೆನ್ನು ಮುಚ್ಚಿ, ಅವಳ ಮುಖ ನೋಡಿ ನಿಟ್ಟುಸಿರು ಬಿಟ್ಟರು.

"ಸುಷ್ಮಿತಾ ಅನ್ನೋ ಹೆಸರೇ ನಮ್ಮ ಪಟ್ಟೀಲಿ ಇಲ್ಲ ಕಣಮ್ಮ. ಈ ನಂಬರು ಹರಿಯಬ್ಬೆ ರಂಜಿತಾ ಅನ್ನೋ ಹೆಣ್ಮಗಳದು. ನಾಳೆ ಅವಳು ಬಂದು ಕೇಳಿದ್ರೆ ನಾನೇನು ಹೇಳ್ಲಿ?"