ಉಪ್ಪಣ್ಣನ ಬಲಗಣ್ಣು

“ಮನೇಲಿ ಬೆಕ್ಕು ಇದೆಯಾ?” ಎಂದು ಕಣ್ಣಿನ ಡಾಕ್ಟರಮ್ಮ ಕೇಳಿದ್ದೇ ತಡ, ಉಪ್ಪಣ್ಣನ ಮುಖ ಮೊರದಗಲವಾಯಿತು. ಬಲಗಣ್ಣು ಮಂಜಾಗಿ ಕೂತಿದೆ, ಮೀನಖಂಡ ಹಿಡಿದುಕೊಂಡು ಮೆಟ್ಟಿಲು ಹತ್ತಲಾಗುತ್ತಿಲ್ಲ, ತೋಳು ಎತ್ತಿದರೆ ಜೀವ ಹೋಗುತ್ತದೆ. ಆದರೂ ಆಸಾಮಿಗೆ ಲಾಟರಿ ಹೊಡೆದಷ್ಟು ಖುಷಿ.

“ಇದೆ ಮೇಡಂ. ನಮ್ಮತ್ತೇದು,” ಎಂದ. ಪಕ್ಕದಲ್ಲಿದ್ದ ಹೆಂಡತಿ ತಲೆ ತಗ್ಗಿಸಿದಳು.

“ಟಾಕ್ಸೋಪ್ಲಾಸ್ಮಾ ಅಂತ ಒಂದು ಪರೋಪಜೀವಿ,” ಎಂದರು ಡಾಕ್ಟರು. “ಬೆಕ್ಕಿನ ಮಲದಿಂದ ಬರಬಹುದು, ಸರಿಯಾಗಿ ಬೇಯದ ಮಾಂಸದಿಂದಾನೂ ಬರಬಹುದು. ಒಳಗೆ ಹೋಗಿ ಮಾಂಸಖಂಡದಲ್ಲಿ ಬಿಡಾರ ಹೂಡುತ್ತೆ. ಕೆಲವರಿಗೆ ಕಣ್ಣಿಗೂ ಬರುತ್ತೆ. ನಿಮ್ಮ ಕಣ್ಣಿನ ಹಿಂದೆ ಗಾಯ ಆಗಿದೆ. ಮಾತ್ರೆ ಕೊಟ್ಟರೆ ಮಾಯುತ್ತೆ, ಆದ್ರೆ ಕಲೆ ಉಳಿಯುತ್ತೆ. ಮೊದಲಿನಷ್ಟು ಕಾಣುತ್ತೆ ಅಂತ ಹೇಳಲಾರೆ. ಹಸಿ ಮಾಂಸ ಏನಾದ್ರೂ ತಿಂತೀರಾ?”

“ಛೆ, ನಾನೇನು ತೋಳಾನಾ ಮೇಡಂ? ಹೋಟ್ಲಲ್ಲಿ ಅಡುಗೆ ಮಾಡೋನು. ಊರಿಗೆಲ್ಲ ಬೇಯ್ಸಿ ಹಾಕೋದೇ ನನ್ನ ಕೆಲಸ.”

ಅದೇನೋ ನಿಜ. ಉಪ್ಪಣ್ಣ ಎನ್ನುವುದು ಹೋಟೆಲಿನವರು ಇಟ್ಟ ಹೆಸರು. ಕೊಚ್ಚಿದ ಮಾಂಸದಿಂದ ಅವನು ಮಾಡಿದ ಖೈಮಾ ಕಟ್ಲೆಟ್ಟಿನಲ್ಲಿ ಉಪ್ಪು ಒಂದು ಹರಳು ಹೆಚ್ಚೂ ಇರುತ್ತಿರಲಿಲ್ಲ, ಕಡಿಮೆಯೂ ಇರುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಅವನಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಅತ್ತೆ ಬಂದಾಗಿನಿಂದ ಒಳ್ಳೆಯ ಕುರ್ಚಿ ಬೆಕ್ಕಿಗೆ, ಟಿವಿ ರಿಮೋಟು ಅತ್ತೆಗೆ, ಗೋಡೆಗೊರಗಿ ಕೂರುವ ಭಾಗ್ಯ ಯಜಮಾನನಿಗೆ. ಬೆಕ್ಕನ್ನು ಕಳಿಸಿದರೆ ತಾನೂ ಇರುವುದಿಲ್ಲ ಎಂದು ಅತ್ತೆ ಬಂದ ದಿನವೇ ಹೇಳಿದ್ದಳು. ಆಕೆ ಹೇಳಿದ್ದರಲ್ಲಿ ಅದೊಂದು ಮಾತು ಉಪ್ಪಣ್ಣನಿಗೆ ಬಹಳ ಹಿಡಿಸಿತ್ತು.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಬಾಯಿಬಿಟ್ಟ. “ಅತ್ತೆ, ನಿಮ್ಮ ಬೆಕ್ಕು ನನ್ನ ಕಣ್ಣು ತಿಂದು ಹಾಕಿದೆ. ನಾನು ಹೇಳ್ತಿರೋದಲ್ಲ, ಡಾಕ್ಟ್ರು ಹೇಳಿದ್ದು.”

“ಮಾಂಸದಿಂದಾನೂ ಬರುತ್ತೆ ಅಂದ್ರು,” ಎಂದಳು ಹೆಂಡತಿ.

“ಅದು ಹಸೀದು ತಿನ್ನೋರಿಗೆ.”

ಅತ್ತೆ ಬೆಕ್ಕನ್ನು ಮಡಿಲಿಗೆ ಎಳೆದುಕೊಂಡಳು. “ನನ್ನ ಚಿನ್ನಿ ಹೊಸಿಲು ದಾಟಿದ್ದಿಲ್ಲ. ನಾನು ಬೇಯ್ಸಿ ಮುಳ್ಳು ತೆಗೆದು ಹಾಕಿದ ಮೀನು ಬಿಟ್ರೆ ಬೇರೆ ಏನೂ ಮುಟ್ಟಿದ್ದಿಲ್ಲ. ಅದಕ್ಕೆಲ್ಲಿಂದ ಬಂತು ಹುಳ?”

“ಅದನ್ನ ಅದನ್ನೇ ಕೇಳಿ.”

ಮುದುಕಿ ಎದ್ದು ತನ್ನ ಚೀಲ ಹುಡುಕಿದಳು. ಅಳಿಯನ ಕಣ್ಣು ತನ್ನಿಂದ ಹೋಯಿತು ಎಂಬ ಮಾತನ್ನು ಹೊತ್ತುಕೊಂಡು ಅದೇ ಮನೆಯಲ್ಲಿ ಉಣ್ಣುವುದು ಹೇಗೆ? ಬಟ್ಟೆ ಮಡಚಿ ಚೀಲಕ್ಕೆ ತುಂಬುವಾಗ ಆಕೆಗೆ ಅಳು ತಡೆಯಲಿಲ್ಲ. ಹೋಗಲು ಇದ್ದದ್ದು ತಂಗಿಯ ಮನೆಯೊಂದೇ, ಅಲ್ಲಿ ಹಾಸಿಗೆ ಹಾಸಲು ಜಾಗವಿದ್ದದ್ದು ಬಾಗಿಲ ಹಿಂದೆ. ಮಗಳು ತಾಯಿಯ ಮುಖ ನೋಡಲಾರದೆ ಅಡುಗೆಮನೆಗೆ ಬಂದು ಈರುಳ್ಳಿ ಹೆಚ್ಚತೊಡಗಿದಳು. ಈರುಳ್ಳಿಯಿಂದ ಒಂದು ಅನುಕೂಲವಾಯಿತು, ಅತ್ತರೆ ಯಾರೂ ಕೇಳುವಂತಿರಲಿಲ್ಲ.

ಗೆದ್ದವನಿಗೆ ಔದಾರ್ಯ ತಾನಾಗಿಯೇ ಬರುತ್ತದೆ. “ಹೋಗೋರು ಹಸ್ಕೊಂಡು ಹೋಗ್ಬಾರ್ದು,” ಎನ್ನುತ್ತ ಉಪ್ಪಣ್ಣ ಅತ್ತೆಗಾಗಿ ಕಟ್ಲೆಟ್ ಮಾಡಲು ನಿಂತ. ಖೈಮಾಕ್ಕೆ ಮೆಣಸಿನ ಪುಡಿ, ಈರುಳ್ಳಿ, ಉಪ್ಪು ಹಾಕಿ ಕಲಸಿದ. ಒಂದು ಚಿಟಿಕೆ ಕಿತ್ತು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿ, ನುಂಗಿದ. ಸ್ವಲ್ಪ ಉಪ್ಪು ಉದುರಿಸಿ ಕಲಸಿ ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡ.

ಹೆಂಡತಿಯ ಚಾಕು ನಿಂತಿತು. “ರೀ, ಈಗ ಬಾಯಿಗೆ ಏನು ಹಾಕ್ಕೊಂಡ್ರಿ?”

“ಉಪ್ಪು ನೋಡ್ದೆ.”

“ಹಸೀದ್ರಲ್ಲೇ?”

“ಮತ್ತೆ? ಬೆಂದ್ಮೇಲೆ ನೋಡಿದ್ರೆ ಉಪ್ಪು ಎಲ್ಲಿಗೆ ಹಾಕ್ಲಿ, ನಿನ್ನ ತಲೆಗಾ?”

“ಹೋಟ್ಲಲ್ಲೂ ಹೀಗೇನಾ?”

“ಪ್ರತಿ ಪಾತ್ರೆಗೂ ನೋಡ್ಬೇಕು. ಸುಮ್ಸುಮ್ನೆ ಬಂತಾ ಹೆಸರು?”

“ಮತ್ತೆ ಡಾಕ್ಟ್ರು ಕೇಳಿದಾಗ ಬಾಯಿಗೇನು ಬೀಗ ಹಾಕ್ಕೊಂಡಿದ್ರಾ?”

“ಅವರು ಕೇಳಿದ್ದು ತಿಂತೀರಾ ಅಂತ. ಇದೇನು ತಿನ್ನೋದಾ? ಇದು ಕೆಲಸ ಕಣೇ, ಹೊಟ್ಟೆಗೆ…”

ಹೊಟ್ಟೆಗೆ ಹೋಗುವುದಿಲ್ಲ ಎನ್ನಲು ಹೊರಟವನಿಗೆ ಗಂಟಲಿನಲ್ಲಿ ಇನ್ನೂ ಇಳಿಯುತ್ತಿದ್ದ ಚೂರು ಅರಿವಿಗೆ ಬಂತು. ದಿನಕ್ಕೆಷ್ಟು ಪಾತ್ರೆ, ಎಷ್ಟು ವರ್ಷ ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಕೈಬಿಟ್ಟ. ಬೆಳಗಿನಿಂದ ಕಣ್ಣಿನ ಬಗ್ಗೆ ಯೋಚಿಸಲು ಅವನಿಗೆ ಪುರುಸೊತ್ತೇ ಆಗಿರಲಿಲ್ಲ. ಈಗ ಎಡಗಣ್ಣು ಮುಚ್ಚಿ ನೋಡಿದ. ಹೆಂಡತಿಯ ಮುಖವಿದ್ದ ಕಡೆ ಬೂದು ಕಲೆಯೊಂದಿತ್ತು. ಉಪ್ಪಣ್ಣನಿಗೆ ಹೆದರಿಕೆಯಾಯಿತು.

“ಒಂದು ಚೂರು ಬಾಣಲೇಲಿ ಹುರಿದು ನೋಡೋಕೆ ಏನಾಗಿತ್ತು ನಿಮಗೆ?” ಎಂದು ಕೇಳಿದ ಹೆಂಡತಿ ಉತ್ತರಕ್ಕೆ ಕಾಯಲಿಲ್ಲ. ಕೋಣೆಗೆ ಹೋಗಿ ತಾಯಿಯ ಚೀಲವನ್ನು ಮಂಚದ ಮೇಲೆ ಬೋರಲು ಹಾಕಿ, ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಬೀರುವಿಗೆ ಸೇರಿಸತೊಡಗಿದಳು.

ಅತ್ತೆಗೆ ಎಲ್ಲ ಕೇಳಿಸಿತ್ತು. ಕಣ್ಣೊರೆಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಅಷ್ಟರಲ್ಲಿ ಬೆಕ್ಕು ಉಪ್ಪಣ್ಣನ ಬಲಕ್ಕೆ ಕಟ್ಟೆಯ ಮೇಲೆ ಹಾರಿ ಖೈಮಾದ ಪಾತ್ರೆಗೆ ಮೂತಿ ಚಾಚಿತ್ತು. ಅವನಿಗೆ ಅದು ಕಾಣಲಿಲ್ಲ. ಆಕೆ ಓಡಿ ಬಂದು ಅದನ್ನು ಬಾಚಿ ಎತ್ತಿಕೊಂಡಳು.

“ಬೇಡ ಕಂದ, ಹಸೀದು ತಿನ್ಬಾರ್ದು,” ಎಂದು ಅದರ ತಲೆ ಸವರಿದಳು. “ನಮ್ಮ ಅಳಿಯಂದ್ರಿಗೆ ಗೊತ್ತಾಗ್ಲಿಲ್ಲ, ನಿನಗಾದ್ರೂ ಬುದ್ಧಿ ಬೇಡ್ವಾ?”