ಕೇಳಿದರೆ ಉರಿಯುವ ಒಲೆ

ಎಲ್ಲ ಊರುಗಳ ಒಲೆಗಳಂತೆ ನಮ್ಮ ಅಂಗನವಾಡಿಯ ಒಲೆಯೂ ಮಕ್ಕಳ ಪ್ರಶ್ನೆಗಳಿಂದಲೇ ಉರಿಯುತ್ತದೆ. ನಾನು ಹೊಸ ಟೀಚರು. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಡುತ್ತಿದ್ದೆ. ಮಕ್ಕಳು ಸುಮ್ಮನಾಗುತ್ತಿದ್ದರು, ಒಲೆ ಆರುತ್ತಿತ್ತು. ಮೂರು ದಿನ ಎಲ್ಲರಿಗೂ ಒಣ ಅವಲಕ್ಕಿಯೇ ಗತಿಯಾಯಿತು.

ನಾಲ್ಕನೆಯ ದಿನ ಪುಟ್ಟ ರೇಷ್ಮಾ ಹೊಸ್ತಿಲು ದಾಟುತ್ತಿದ್ದ ಇರುವೆ ಸಾಲು ತೋರಿಸಿ ಕೇಳಿದಳು: “ಟೀಚರ್, ಇರಿವಿ ಎಲ್ಲಿ ಹೊಂಟಾವು?”

ನಾನು ಬಾಯಿ ತೆರೆಯುವ ಮೊದಲೇ ಅಡುಗೆಯ ನಾಗವ್ವ ನನ್ನ ಕೈಗೆ ಸೌಟು ಕೊಟ್ಟು ರೇಷ್ಮಾಳತ್ತ ತಿರುಗಿದಳು. “ನನಗೂ ಗೊತ್ತಿಲ್ಲವ್ವಾ. ಬಾ, ಬೆನ್ನು ಹತ್ತಿ ನೋಡೂಣು.”

ಮಕ್ಕಳೆಲ್ಲ ನಾಗವ್ವನ ಹಿಂದೆ ಅಂಗಳಕ್ಕೆ ಓಡಿದರು. “ಸಾಲು ಯಾಕ ತಪ್ಪಂಗಿಲ್ಲ?” “ಅವಕ್ಕ ನಿದ್ದಿ ಬರ್ತದೇನು?” ಒಲೆ ಧಗಧಗ ಉರಿಯಿತು. ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದ ನನ್ನ ಕಿವಿ ಕಿಟಕಿಯತ್ತಲೇ ಇತ್ತು. ಉಪ್ಪಿಟ್ಟು ತಳ ಹಿಡಿಯಿತು.

ಮಕ್ಕಳು ಉಂಡು ಮಲಗಿದ ಮೇಲೆ, ಸೀದದ್ದನ್ನು ಕೆರೆದು ತಿನ್ನುತ್ತ ನಾಗವ್ವನಿಗೆ ಕೈಮುಗಿದೆ. ಆಮೇಲೆ ತಡೆಯಲಾಗದೆ ಕೇಳಿದೆ: “ಇರಿವಿ ಎಲ್ಲಿ ಹೋದ್ವು, ನಾಗವ್ವಾ?”

ಆರಿದ್ದ ಒಲೆಯಲ್ಲಿ ಪುಟ್ಟದೊಂದು ಉರಿ ಎದ್ದಿತು.